ಜರ್ಮನಿಯಲ್ಲಿ ಮಾಸ್ಟರ್ಸ್ ಓದುವಾಗ ಬರುವ ದಣಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಯೂನಿವರ್ಸಿಟಿಗಳಲ್ಲಿ ಹೊರದೇಶದಿಂದ ಬಂದು ಓದುವವರಲ್ಲಿ ಈಗ ಭಾರತೀಯರೇ ಎಲ್ಲರಿಗಿಂತ ಜಾಸ್ತಿ. 2023-24ರಲ್ಲೇ ಈ ಸಂಖ್ಯೆ 49 ಸಾವಿರ ದಾಟಿತ್ತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದವರೂ ಇವರಲ್ಲಿ ಬಹಳ ಜನ. ನಾನು ಇಲ್ಲೇ ಓದಿ, ಇಲ್ಲೇ ಕೆಲಸದಲ್ಲಿದ್ದೇನೆ. ಅಕ್ಟೋಬರ್‌ನಲ್ಲಿ ಹುರುಪಿನಿಂದ ಬಂದ ಹುಡುಗ ಹುಡುಗಿಯರು ಜನವರಿ ಹೊತ್ತಿಗೆ ಸೋತು ಸುಣ್ಣವಾಗಿರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಯಮಗಳು ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬೇರೆ ಇರುತ್ತವೆ. ಹಾಗಾಗಿ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ಒಮ್ಮೆ ತೆಗೆದು ಓದಿಕೊಳ್ಳಿ.

ಪುಸ್ತಕ ತೆರೆದರೆ ಏನೂ ತಲೆಗೆ ಹತ್ತುತ್ತಿಲ್ಲ. ಇದು ಸೋಮಾರಿತನವಾ?

ಹೀಗೆ ಕೇಳುವವರಲ್ಲಿ ಸೋಮಾರಿಗಳನ್ನು ನಾನು ಕಂಡಿದ್ದು ಕಡಿಮೆ. ಸೋಮಾರಿತನ ಇದ್ದವರು ಓದದೆ ಆರಾಮಾಗಿ ಇರುತ್ತಾರೆ. ನೀವು ಓದುತ್ತಲೂ ಇಲ್ಲ, ಆರಾಮಾಗಿಯೂ ಇಲ್ಲ, ಅಲ್ವಾ? ಲೈಬ್ರರಿಯಲ್ಲಿ ಐದು ಗಂಟೆ ಕೂತು ಎರಡು ಪುಟ ಮುಗಿಸಿರುತ್ತೀರಿ. ರಾತ್ರಿ ಮಲಗಿದರೆ ಉಳಿದ ಪುಟಗಳೇ ಕಣ್ಣ ಮುಂದೆ ಬರುತ್ತವೆ. ಇಷ್ಟಪಟ್ಟು ಆರಿಸಿಕೊಂಡ ವಿಷಯದ ಮೇಲೂ ಸಿಟ್ಟು ಬರುತ್ತದೆ. ‘ಇದರಿಂದ ಏನಾಗಬೇಕಿದೆ’ ಅನ್ನಿಸುತ್ತದೆ. ಇದು ದಣಿವು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಶನಿವಾರ, ಭಾನುವಾರ ಪುಸ್ತಕ ಮುಟ್ಟದೆ ಚೆನ್ನಾಗಿ ನಿದ್ದೆ ಮಾಡಿ, ಹೊರಗೆ ತಿರುಗಾಡಿ ಬನ್ನಿ. ಸೋಮವಾರ ಸ್ವಲ್ಪ ಹಗುರ ಅನ್ನಿಸಿದರೆ ಅದು ಸುಸ್ತು, ವಿಶ್ರಾಂತಿಯಿಂದ ಇಳಿಯುತ್ತದೆ. ಇಂಥ ನಾಲ್ಕಾರು ವಾರಾಂತ್ಯ ಕಳೆದರೂ ಅದೇ ಭಾರ ಇದ್ದರೆ ನಿಮ್ಮ ಮೇಲಿನ ಹೊರೆಯೇ ಜಾಸ್ತಿಯಾಗಿದೆ ಎಂದರ್ಥ. ಆಗ ಹೊರೆ ಇಳಿಸದೆ ಬೇರೆ ದಾರಿ ಇಲ್ಲ.

ಎರಡು ವಾರಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಊಟ ಸೇರದಿದ್ದರೆ, ನಿದ್ದೆ ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಅದನ್ನು ಡಾಕ್ಟರ್ ನೋಡಬೇಕು.

ಊರಲ್ಲಿ ಒಂಬತ್ತರ ಮೇಲೆ ಸಿಜಿಪಿಎ ಇತ್ತು. ಇಲ್ಲಿ ಯಾಕೆ ಹೀಗಾಗುತ್ತಿದೆ?

ಓದುವ ರೀತಿಯೇ ಬೇರೆ. ವಿಟಿಯುನಲ್ಲಿ ಇಂಟರ್ನಲ್ಸ್ ಇರುತ್ತದೆ, 85 ಪರ್ಸೆಂಟ್ ಹಾಜರಾತಿ ಬೇಕು, ಹಳೇ ಪ್ರಶ್ನೆಪತ್ರಿಕೆ ಇರುತ್ತದೆ. ಸ್ಟಡಿ ಹಾಲಿಡೇಯಲ್ಲಿ ಸೀನಿಯರ್‌ಗಳ ನೋಟ್ಸ್ ಹಿಡಿದು ಕೂತರೆ ದಡ ಸೇರಬಹುದು. ವರ್ಷವಿಡೀ ಯಾರೋ ನಮ್ಮನ್ನು ತಳ್ಳುತ್ತಲೇ ಇರುತ್ತಾರೆ.

ಇಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠ ಅಕ್ಟೋಬರ್ ಮಧ್ಯದಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಹೆಚ್ಚಿನ ಲೆಕ್ಚರ್‌ಗಳಲ್ಲಿ ಹಾಜರಾತಿ ಕೇಳುವುದಿಲ್ಲ. ಬಹಳಷ್ಟು ವಿಷಯಗಳಲ್ಲಿ ಪೂರ್ತಿ ಅಂಕ ಕೊನೆಯ ಒಂದೇ ಪರೀಕ್ಷೆಯಲ್ಲಿ. ನೋಟ್ಸ್ ಒಳಗೆ ತೆಗೆದುಕೊಂಡು ಹೋಗಲು ಬಿಡುವ ಪರೀಕ್ಷೆಗಳೂ ಇವೆ. ಅಲ್ಲಿ ಬಾಯಿಪಾಠ ಮಾಡಿದ್ದು ಉಪಯೋಗಕ್ಕೆ ಬರುವುದಿಲ್ಲ, ಹೊಸ ಲೆಕ್ಕವನ್ನು ಅಲ್ಲೇ ಕೂತು ಬಿಡಿಸಬೇಕು. ನಾಲ್ಕು ತಿಂಗಳು ಯಾರೂ ಏನೂ ಕೇಳುವುದಿಲ್ಲ. ಐದನೇ ತಿಂಗಳು ಎಲ್ಲವೂ ಒಟ್ಟಿಗೆ ಮೈಮೇಲೆ ಬರುತ್ತದೆ.

ಭಾಷೆಯ ಆಯಾಸವೂ ಇದರ ಜೊತೆ ಸೇರುತ್ತದೆ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಬದುಕು ಜರ್ಮನ್‌ನಲ್ಲಿ ನಡೆಯುತ್ತದೆ. ಮನೆ ಬಾಡಿಗೆ ಕರಾರು, ಇನ್ಶೂರೆನ್ಸ್ ಕಂಪನಿಯ ಪತ್ರ, ವೀಸಾ ಕಚೇರಿಯ ಉತ್ತರ, ಎಲ್ಲವೂ ಜರ್ಮನ್. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳಲೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳಬೇಕು. ಸಂಜೆ ಮನೆಗೆ ಬಂದಾಗ, ‘ಏನೂ ಮಾಡಿಲ್ಲ, ಆದರೂ ಸುಸ್ತು’ ಅನ್ನುತ್ತಾರೆ ಹುಡುಗರು. ಮಾಡಿರುತ್ತಾರೆ. ಇಡೀ ದಿನ ತಲೆ ಕೆಲಸ ಮಾಡಿರುತ್ತದೆ.

ಅಂಕದ ವಿಷಯ. ಇಲ್ಲಿ 1.0 ಅತ್ಯುತ್ತಮ, 4.0 ಬಂದರೆ ಪಾಸ್. ಊರಲ್ಲಿ ರ‍್ಯಾಂಕ್ ಬಂದವರಿಗೆ 2.7 ಬಂದಾಗ ಕುಸಿದುಹೋಗುತ್ತಾರೆ. ಪಕ್ಕದಲ್ಲಿ ಕೂತ ಜರ್ಮನ್ ಹುಡುಗ ಅದೇ 2.7 ತೆಗೆದುಕೊಂಡು ನೆಮ್ಮದಿಯಾಗಿ ಕಾಫಿಗೆ ಹೋಗುತ್ತಾನೆ. ಮೊದಲ ಸೆಮಿಸ್ಟರಿನ ಅಂಕಗಳನ್ನು ನಿಮ್ಮ ಬುದ್ಧಿಯ ಅಳತೆ ಅಂತ ದಯವಿಟ್ಟು ನೋಡಬೇಡಿ.

ಪ್ರತಿ ಸೆಮಿಸ್ಟರ್ 30 ಕ್ರೆಡಿಟ್ ಮಾಡಲೇಬೇಕಾ?

ಹೆಚ್ಚಿನ ಕೋರ್ಸ್‌ಗಳಲ್ಲಿ 30 ಅನ್ನುವುದು ಸಲಹೆಯ ಲೆಕ್ಕ. ಕೆಲವು ಕಡೆ ಇಷ್ಟು ಸೆಮಿಸ್ಟರ್ ಒಳಗೆ ಇಷ್ಟು ಕ್ರೆಡಿಟ್ ಆಗಿರಲೇಬೇಕು ಅನ್ನುವ ಕಟ್ಟುಪಾಡು ಇದೆ. ಸ್ಕಾಲರ್‌ಶಿಪ್ ಇದ್ದರೆ ಅದರ ಷರತ್ತು ಬೇರೆ. ಅವೆರಡನ್ನು ನೋಡಿಕೊಳ್ಳಿ. ಅದು ಬಿಟ್ಟರೆ ಎಷ್ಟು ವಿಷಯ ತೆಗೆದುಕೊಳ್ಳಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಒಂದು ಕ್ರೆಡಿಟ್ ಅಂದರೆ ಸುಮಾರು 30 ಗಂಟೆ ಓದು. 30 ಕ್ರೆಡಿಟ್‌ಗೆ 900 ಗಂಟೆ. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಸುಮಾರು 35 ಗಂಟೆ. ಅದರ ಜೊತೆ ವಾರಕ್ಕೆ 20 ಗಂಟೆ ಕೆಲಸ ಸೇರಿಸಿ. 55 ಗಂಟೆ ಆಯಿತು. ಅಡುಗೆ, ಬಟ್ಟೆ ಒಗೆಯುವುದು, ರೈಲಿನ ಓಡಾಟ, ಜರ್ಮನ್ ಕ್ಲಾಸ್ ಇನ್ನೂ ಸೇರಿಲ್ಲ. ಅದೂ ಒಂದು ವಾರವೂ ರಜೆ ಇಲ್ಲದೆ, ಒಂದು ದಿನವೂ ಜ್ವರ ಬರದೆ ನಡೆದರೆ. ಇಂಥ ಲೆಕ್ಕ ಯಾರಿಗೇ ಆದರೂ ಕೂಡಿಬರುವುದು ಕಷ್ಟ. ಹೀಗಿರುವಾಗ ‘ನನ್ನಲ್ಲೇ ಏನೋ ಕೊರತೆ’ ಅಂದುಕೊಂಡು ಕೊರಗುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

20 ಕ್ರೆಡಿಟ್ ಮಾತ್ರ ತೆಗೆದುಕೊಂಡರೆ ವಾರಕ್ಕೆ 23 ಗಂಟೆ ಓದು ಸಾಕು. ನನ್ನ ಸಲಹೆ ಇಷ್ಟೇ: ಮೊದಲ ಸೆಮಿಸ್ಟರಿನಲ್ಲಿ 20ರಿಂದ 24 ಕ್ರೆಡಿಟ್ ಇಟ್ಟುಕೊಳ್ಳಿ. ಆರು ವಿಷಯ ಬರೆದು ಮೂರರಲ್ಲಿ ಫೇಲ್ ಆಗುವುದಕ್ಕಿಂತ ನಾಲ್ಕು ಬರೆದು ನಾಲ್ಕೂ ಪಾಸ್ ಆಗುವುದು ಮನಸ್ಸಿಗೂ ಒಳ್ಳೆಯದು, ಮಾರ್ಕ್ಸ್ ಕಾರ್ಡಿಗೂ ಒಳ್ಳೆಯದು. ಪಾಸ್ ಆದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲು ಸಾಮಾನ್ಯವಾಗಿ ಇಲ್ಲಿ ಬಿಡುವುದಿಲ್ಲ ಅನ್ನುವುದೂ ನೆನಪಿರಲಿ.

ಒಂದು ಸೆಮಿಸ್ಟರ್ ಜಾಸ್ತಿಯಾದರೆ ಖರ್ಚು?

ಖರ್ಚು ಇದೆ, ಮುಚ್ಚಿಡುವುದಿಲ್ಲ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್ (ವೀಸಾಗಾಗಿ ಮೊದಲೇ ದುಡ್ಡು ಇಟ್ಟು, ತಿಂಗಳಿಗೆ ಇಷ್ಟು ಅಂತ ತೆಗೆಯುವ ಖಾತೆ) ಲೆಕ್ಕ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ ಹತ್ತಿರ ಹತ್ತಿರ 6,000 ಯೂರೋ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿ ಟಿಯುಎಂನಲ್ಲಿ 2024-25ರ ಚಳಿಗಾಲದಿಂದ ಹೊಸದಾಗಿ ಸೇರಿದವರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ. ಅಲ್ಲಿ ಓದುವವರು ಹೆಚ್ಚುವರಿ ಸೆಮಿಸ್ಟರ್ ಬಗ್ಗೆ ಎರಡು ಸಲ ಯೋಚಿಸಲೇಬೇಕು.

ಊರಲ್ಲಿ ಎಜುಕೇಶನ್ ಲೋನ್ ಇದ್ದರೆ ಓದು ಮುಗಿಯುವ ಮೊದಲೇ ಬ್ಯಾಂಕಿಗೆ ಪತ್ರ ಕೊಡಿ. ಕೋರ್ಸ್ ತಡವಾದರೆ ಕಂತು ಶುರುವಾಗುವ ದಿನವನ್ನೂ ಮುಂದೂಡಲು ಅನೇಕ ಬ್ಯಾಂಕುಗಳಲ್ಲಿ ಅವಕಾಶ ಇರುತ್ತದೆ. ಯೂನಿವರ್ಸಿಟಿಯಿಂದ ಒಂದು ಪತ್ರ ಬೇಕಾಗುತ್ತದೆ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ವೀಸಾ ವಿಷಯಕ್ಕೆ ಬಂದರೆ, ಒಂದು ಸೆಮಿಸ್ಟರ್ ತಡವಾದ ಮಾತ್ರಕ್ಕೆ ಯಾರೂ ವಾಪಸ್ ಕಳಿಸುವುದಿಲ್ಲ. ಓದು ಮುಂದೆ ಸಾಗುತ್ತಿದೆ, ಇಂಥ ಹೊತ್ತಿಗೆ ಮುಗಿಯುತ್ತದೆ ಅನ್ನುವುದನ್ನು ಇಲ್ಲಿ ಇರಲು ಕೊಡುವ ಪರ್ಮಿಟ್ ನವೀಕರಿಸುವಾಗ ತೋರಿಸಬೇಕು. ಪಾಸಾದ ವಿಷಯಗಳ ಪಟ್ಟಿ ಮತ್ತು ವಿಭಾಗದ ಪತ್ರ ಅದಕ್ಕೆ ನೆರವಾಗುತ್ತವೆ.

ಪಾರ್ಟ್ ಟೈಮ್ ಕೆಲಸ ಬಿಡಲಾ?

ಮನೆಯಿಂದ ದುಡ್ಡು ಬರದವರಿಗೆ ‘ಬಿಟ್ಟುಬಿಡಿ’ ಅಂತ ಹೇಳುವುದು ಸುಲಭ, ಆದರೆ ನ್ಯಾಯ ಅಲ್ಲ. ಕೆಲಸ ಬಿಡುವ ಮೊದಲು ಕೆಲಸದ ಬಗೆ ಬದಲಿಸಲು ಆಗುತ್ತದಾ ನೋಡಿ. ಗೋದಾಮಿನ ರಾತ್ರಿ ಪಾಳಿ, ಚಳಿಯಲ್ಲಿ ಸೈಕಲ್ ಮೇಲೆ ಊಟ ತಲುಪಿಸುವುದು, ಇವು ಮರುದಿನದ ಓದನ್ನೂ ತಿಂದುಹಾಕುತ್ತವೆ. ಯೂನಿವರ್ಸಿಟಿಯಲ್ಲೇ ಸಿಗುವ ‘ಹಿವಿ’, ಅಂದರೆ ವಿದ್ಯಾರ್ಥಿ ಸಹಾಯಕರ ಕೆಲಸದಲ್ಲಿ ಸಂಬಳ ಬಹಳ ಇರದಿದ್ದರೂ ಓಡಾಟ ಇಲ್ಲ, ಪರೀಕ್ಷೆ ಬಂದಾಗ ಅರ್ಥಮಾಡಿಕೊಳ್ಳುತ್ತಾರೆ.

2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಯೂನಿವರ್ಸಿಟಿಯ ಹಿವಿ ಕೆಲಸ ಈ ಲೆಕ್ಕದಲ್ಲಿ ಬರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪಾಠ ಇಲ್ಲದಾಗ ಜಾಸ್ತಿ ದುಡಿದು, ಜನವರಿಯಿಂದ ಮಾರ್ಚ್‌ವರೆಗೆ ಕಡಿಮೆ ಮಾಡಿಕೊಂಡವರು ಸಾಮಾನ್ಯವಾಗಿ ಚೆನ್ನಾಗಿ ನಿಭಾಯಿಸಿದ್ದಾರೆ.

ಪರೀಕ್ಷೆ ದಿನ ಏಳಲೂ ಆಗದಿದ್ದರೆ?

ಇದನ್ನು ಗಮನವಿಟ್ಟು ಓದಿ. ಇಲ್ಲಿ ನಿಜವಾಗಲೂ ನಷ್ಟ ಆಗುವುದು ಈ ಜಾಗದಲ್ಲೇ.

ಹೆಸರು ಕೊಟ್ಟ ಪರೀಕ್ಷೆಗೆ ಸುಮ್ನೆ ಹೋಗದಿದ್ದರೆ ಅನೇಕ ಕಡೆ 5.0 ಹಾಕುತ್ತಾರೆ, ಅಂದರೆ ಫೇಲ್. ಒಂದು ಪರೀಕ್ಷೆಗೆ ಹೆಚ್ಚಿನ ಕಡೆ ಮೂರು ಅವಕಾಶ, ಕೆಲವು ಕಡೆ ಎರಡೇ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಹೋದರೆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಸಾಮಾನ್ಯವಾಗಿ ಓದಲು ಆಗುವುದಿಲ್ಲ. ಆದ್ದರಿಂದ ಅವಕಾಶವನ್ನು ಸುಮ್ಮನೆ ಕಳೆಯಬೇಡಿ.

ಓದು ಮುಗಿದಿಲ್ಲ ಅಂತ ಮೊದಲೇ ಗೊತ್ತಾದರೆ ಆನ್‌ಲೈನ್‌ನಲ್ಲಿ ಹೆಸರು ವಾಪಸ್ ತೆಗೆಯಿರಿ. ಕೆಲವು ಕಡೆ ಒಂದು ವಾರ ಮೊದಲಿನವರೆಗೆ, ಕೆಲವು ಕಡೆ ಅದಕ್ಕೂ ತಡವಾಗಿ ತೆಗೆಯಬಹುದು. ಆ ತಾರೀಖನ್ನು ಸೆಮಿಸ್ಟರ್ ಶುರುವಿನಲ್ಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ತಾರೀಖು ದಾಟಿದ ಮೇಲೆ ಹುಷಾರಿಲ್ಲದಿದ್ದರೆ ಪರೀಕ್ಷೆಯ ದಿನವೇ ಡಾಕ್ಟರ್ ಹತ್ತಿರ ಹೋಗಿ. ‘ಪರೀಕ್ಷೆ ಬರೆಯುವ ಸ್ಥಿತಿಯಲ್ಲಿ ಇಲ್ಲ’ ಅಂತ ಸರ್ಟಿಫಿಕೇಟ್ ಪಡೆಯಿರಿ. ಅನೇಕ ಯೂನಿವರ್ಸಿಟಿಗಳಲ್ಲಿ ಅದಕ್ಕೇ ಒಂದು ಫಾರ್ಮ್ ಇರುತ್ತದೆ. ತಡಮಾಡದೆ ಪರೀಕ್ಷಾ ಕಚೇರಿಗೆ ಕಳಿಸಿ. ಮನಸ್ಸಿನ ಕಾಯಿಲೆಗೂ ಡಾಕ್ಟರ್ ಹೀಗೆ ಬರೆದುಕೊಡಬಹುದು, ಜ್ವರವೇ ಬರಬೇಕು ಅಂತಿಲ್ಲ. ಆದರೆ ಒಳಗೆ ಹೋಗಿ ಪೂರ್ತಿ ಬರೆದು ಬಂದ ಮೇಲೆ ‘ಹುಷಾರಿರಲಿಲ್ಲ’ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ದೀರ್ಘ ಕಾಲದ ತೊಂದರೆ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಅಥವಾ ಬೇರೆ ಕೋಣೆ ಕೇಳುವ ಹಕ್ಕೂ ಇದೆ. ಅದಕ್ಕೆ ಅರ್ಜಿ ಮೊದಲೇ ಹಾಕಬೇಕು.

ಚಳಿಗಾಲ ಬಂದ ಮೇಲೆ ಇನ್ನೂ ಮಂಕಾಗಿದ್ದೇನೆ.

ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆಗೂ ಜಾಸ್ತಿ ಬೆಳಕು. ಬರ್ಲಿನ್‌ನಲ್ಲಿ ಎಂಟು ಗಂಟೆಯೂ ಇಲ್ಲ, ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತದೆ. ಮೈ ಮಂಕಾಗುವುದು ಸಹಜ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡ ಇದ್ದರೂ ಪರವಾಗಿಲ್ಲ. ವಿಟಮಿನ್ ಡಿ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ಮಾತ್ರೆಯನ್ನು ಮನಸ್ಸಿಗೆ ಬಂದಷ್ಟು ನುಂಗಬೇಡಿ. ಯೂನಿವರ್ಸಿಟಿಯ ಕ್ರೀಡಾ ವಿಭಾಗದಲ್ಲಿ ಕಡಿಮೆ ದುಡ್ಡಿಗೆ ಬ್ಯಾಡ್ಮಿಂಟನ್, ಯೋಗ ಎಲ್ಲ ಇರುತ್ತದೆ. ಬುಕಿಂಗ್ ಶುರುವಾದ ಕೂಡಲೇ ತುಂಬಿಹೋಗುತ್ತದೆ, ಬೇಗ ಹೆಸರು ಹಚ್ಚಿ.

ನಿದ್ದೆ, ಊಟ?

ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಮ್ಮ ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿಯುತ್ತಾ ಕಳಿಸುವ ಮೆಸೇಜ್ ಇಲ್ಲಿ ರಾತ್ರಿ ಎರಡೂವರೆಗೆ ಬರುತ್ತದೆ. ಫೋನನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ ಇಟ್ಟು ಮಲಗಿ. ಮನೆಗೆ ಮಾತಾಡಲು ಸಂಜೆಯ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ.

ಊಟಕ್ಕೆ, ಭಾನುವಾರ ಅಂಗಡಿ ಮುಚ್ಚಿರುತ್ತದೆ ಅನ್ನುವುದನ್ನು ಮರೆಯದೆ ಶನಿವಾರವೇ ಸಾಮಾನು ತನ್ನಿ. ಒಂದು ದೊಡ್ಡ ಪಾತ್ರೆ ಸಾರು ಮಾಡಿ ಫ್ರೀಜರ್‌ನಲ್ಲಿ ಭಾಗ ಮಾಡಿಟ್ಟರೆ ಪರೀಕ್ಷೆಯ ವಾರದಲ್ಲಿ ಅನ್ನ ಒಂದು ಮಾಡಿಕೊಂಡರೆ ಆಯಿತು. ಬ್ರೆಡ್, ನೂಡಲ್ಸ್‌ನಲ್ಲೇ ತಿಂಗಳು ತಳ್ಳುವುದು ಬೇಡ. ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ, ಯಾರ ಜೊತೆಗಾದರೂ ಕೂತು ಉಣ್ಣಿ. ಅಲ್ಲಿ ಸಸ್ಯಾಹಾರವೂ ಸಿಗುತ್ತದೆ.

ಕೌನ್ಸೆಲಿಂಗ್‌ಗೆ ಹೋದರೆ ವೀಸಾಗೆ ತೊಂದರೆ ಆಗುತ್ತದಾ?

ಇಲ್ಲ. ಈ ಭಯ ನಮ್ಮವರಲ್ಲಿ ಬಹಳ. ಕೌನ್ಸೆಲರ್, ಡಾಕ್ಟರ್ ಇಬ್ಬರಿಗೂ ಗೌಪ್ಯತೆ ಕಾಪಾಡುವ ಕಾನೂನಿನ ಹೊಣೆ ಇದೆ. ಪ್ರೊಫೆಸರಿಗೂ ಹೇಳುವುದಿಲ್ಲ, ವೀಸಾ ಕಚೇರಿಗೂ ಹೇಳುವುದಿಲ್ಲ, ನಿಮ್ಮ ಮನೆಯವರಿಗೂ ಹೇಳುವುದಿಲ್ಲ.

ಮೊದಲು ಹೋಗಬೇಕಾದ ಜಾಗ ‘ಸ್ಟುಡೀರೆಂಡೆನ್‌ವೆರ್ಕ್’. ಹಾಸ್ಟೆಲ್, ಮೆನ್ಸಾ ನಡೆಸುವುದೂ ಅವರೇ. ದೇಶದಲ್ಲಿ ಇಂಥ 57 ಸಂಸ್ಥೆಗಳಿವೆ. ಹೆಚ್ಚಿನವರಲ್ಲಿ ಮನೋವೈಜ್ಞಾನಿಕ ಸಲಹೆ ಉಚಿತವಾಗಿ ಸಿಗುತ್ತದೆ, ಅನೇಕ ಕಡೆ ಇಂಗ್ಲಿಷಿನಲ್ಲೂ. ನೀವು ಕಟ್ಟುವ ಸೆಮಿಸ್ಟರ್ ಶುಲ್ಕದಲ್ಲೇ ಅವರ ಪಾಲು ಇದೆ. ಹಾಗಾಗಿ ಸಂಕೋಚ ಬೇಡ.

ಚಿಕಿತ್ಸೆ ಬೇಕಾದರೆ ಸಾರ್ವಜನಿಕ ಆರೋಗ್ಯ ವಿಮೆ ಸೈಕೋಥೆರಪಿಯ ಖರ್ಚನ್ನು ಭರಿಸುತ್ತದೆ. ಕಾಯುವ ಕಾಲ ಮಾತ್ರ ತಿಂಗಳುಗಟ್ಟಲೆ ಆಗಬಹುದು. 116117ಕ್ಕೆ ಕರೆ ಮಾಡಿದರೆ ಥೆರಪಿಸ್ಟ್ ಜೊತೆ ಮೊದಲ ಭೇಟಿ ಹುಡುಕಿಕೊಡುತ್ತಾರೆ. ಜರ್ಮನ್ ಬರುವ ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿ.

ಸಾಯುವ ಯೋಚನೆ ಬರುತ್ತಿದ್ದರೆ ಯಾವ ಸಾಲಿನಲ್ಲೂ ಕಾಯಬೇಡಿ. ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ, ಅಥವಾ ಮನೋರೋಗ ವಿಭಾಗ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರ ಹೋಗಿ. ಯಾರಾದರೂ ಕೇಳಿಸಿಕೊಂಡರೆ ಸಾಕು ಅನ್ನಿಸಿದರೆ 0800 111 0 111 ದಿನದ ಇಪ್ಪತ್ನಾಲ್ಕು ಗಂಟೆಯೂ ಇದೆ, ಉಚಿತ. ಅಲ್ಲಿ ಹೆಚ್ಚಾಗಿ ಜರ್ಮನ್ ಮಾತಾಡುತ್ತಾರೆ.

ಒಂದು ಸೆಮಿಸ್ಟರ್ ಪೂರ್ತಿ ರಜೆ ತೆಗೆದುಕೊಳ್ಳಬಹುದಾ?

‘ಉರ್ಲೌಬ್ಸ್‌ಸೆಮೆಸ್ಟರ್’ ಅನ್ನುತ್ತಾರೆ. ಕಾಯಿಲೆ ಅದಕ್ಕೆ ಒಪ್ಪುವ ಕಾರಣ, ಡಾಕ್ಟರ್ ಪತ್ರ ಬೇಕು. ಓದಿನ ಸೆಮಿಸ್ಟರ್ ಲೆಕ್ಕದಲ್ಲಿ ಅದು ಸೇರುವುದಿಲ್ಲ. ಆದರೆ ಆಗ ಹೊಸ ಪರೀಕ್ಷೆ ಬರೆಯಲು ಹೆಚ್ಚಿನ ಕಡೆ ಬಿಡುವುದಿಲ್ಲ. ನಮ್ಮ ಪರ್ಮಿಟ್ ಓದಿಗಾಗಿ ಕೊಟ್ಟಿದ್ದು. ಆದ್ದರಿಂದ ಅರ್ಜಿ ಹಾಕುವ ಮೊದಲೇ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸ್ ಮತ್ತು ವೀಸಾ ಕಚೇರಿ ಎರಡರಲ್ಲೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಕೆಲಸ ಮಾಡುವ ಅನುಮತಿ ಆಗ ಏನಾಗುತ್ತದೆ ಅನ್ನುವುದನ್ನೂ ಕೇಳಿ. ನನ್ನ ಪ್ರಕಾರ ಹೆಚ್ಚಿನವರಿಗೆ ಪೂರ್ತಿ ರಜೆಗಿಂತ ಎರಡೇ ವಿಷಯ ಇಟ್ಟುಕೊಂಡ ಹಗುರ ಸೆಮಿಸ್ಟರ್ ಸುಲಭದ ದಾರಿ.

ಅಪ್ಪ ಅಮ್ಮನಿಗೆ ಹೇಗೆ ಹೇಳಲಿ? ಸೈಟ್ ಮಾರಿ ಕಳಿಸಿದ್ದಾರೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಸೈಟ್ ಮಾರಿದ್ದು, ಅಮ್ಮನ ಒಡವೆ ಅಡ ಇಟ್ಟಿದ್ದು, ನೆಂಟರ ಮುಂದೆ ಅಪ್ಪ ಹೆಮ್ಮೆಯಿಂದ ಹೇಳಿಕೊಂಡಿದ್ದು, ಎಲ್ಲ ನೆನಪಾಗುತ್ತದೆ. ಅದಕ್ಕೇ ಪ್ರತಿ ವಿಡಿಯೋ ಕಾಲ್‌ನಲ್ಲೂ ‘ಚೆನ್ನಾಗಿದ್ದೀನಿ’ ಅನ್ನುತ್ತೀರಿ. ಆ ನಟನೆಯೇ ದಿನದ ಇನ್ನೊಂದು ಕೆಲಸವಾಗುತ್ತದೆ.

ಹೇಳಿ. ಆದರೆ ಬರೀ ಕಷ್ಟ ಹೇಳಿ ಫೋನ್ ಇಟ್ಟರೆ ಅವರು ಏಳು ಸಾವಿರ ಕಿಲೋಮೀಟರ್ ದೂರದಲ್ಲಿ ನಿದ್ದೆಗೆಡುತ್ತಾರೆ. ಕಷ್ಟದ ಜೊತೆ ನಿಮ್ಮ ಯೋಜನೆಯನ್ನೂ ಹೇಳಿ. ‘ಅಮ್ಮಾ, ಈ ಸಲ ಓದು ತುಂಬಾ ಭಾರ ಆಗಿದೆ. ಡಾಕ್ಟರ್ ಹತ್ತಿರ ಹೋಗಿದ್ದೆ. ಎರಡು ಸಬ್ಜೆಕ್ಟ್ ಮುಂದಿನ ಸೆಮಿಸ್ಟರಿಗೆ ಹಾಕಿಕೊಂಡಿದ್ದೀನಿ. ಕೋರ್ಸ್ ಆರು ತಿಂಗಳು ತಡ ಆಗುತ್ತೆ, ಖರ್ಚಿಗೆ ಬೇಸಿಗೆಯಲ್ಲಿ ಕೆಲಸ ಮಾಡ್ತೀನಿ.’ ಇಷ್ಟು ಸ್ಪಷ್ಟವಾಗಿ ಹೇಳಿದರೆ ಹೆಚ್ಚಿನ ಅಪ್ಪ ಅಮ್ಮ ಮೊದಲು ಕೇಳುವುದು ‘ಊಟ ಸರಿಯಾಗಿ ಮಾಡ್ತಿದೀಯಾ’ ಅಂತಲೇ. ಅಪ್ಪನಿಗೆ ನೇರ ಹೇಳಲು ಧೈರ್ಯ ಬರದಿದ್ದರೆ ಮೊದಲು ಅಕ್ಕನಿಗೋ ಮಾವನಿಗೋ ಹೇಳಿ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗ ಅಥವಾ ಮಗಳು ‘ಆಗ್ತಿಲ್ಲ’ ಅಂದಾಗ ಪಕ್ಕದ ಮನೆಯ ಹುಡುಗನ ಸಂಬಳ ತೆಗೆಯಬೇಡಿ. ಏನು ಮಾತಾಡಬೇಕು ಅಂತ ತೋಚದಿದ್ದರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಥೀಸಿಸ್ ಶುರುವಾಗಿ ಮೂರು ತಿಂಗಳಾಯಿತು. ಗೈಡ್‌ಗೆ ಮುಖ ತೋರಿಸಲು ಭಯ.

ಏನೂ ಬರೆದಿಲ್ಲ ಅಂತ ಭೇಟಿ ತಪ್ಪಿಸುತ್ತಾ ಹೋದಷ್ಟೂ ಭಯ ಬೆಳೆಯುತ್ತದೆ. ಇವತ್ತೇ ಮೂರು ಸಾಲಿನ ಇಮೇಲ್ ಕಳಿಸಿ: ಎಲ್ಲಿವರೆಗೆ ಆಗಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಯಾವಾಗ ಸಿಗಬಹುದು. ಇಲ್ಲಿನ ಗೈಡ್‌ಗಳು ನೇರ ಮಾತಿನವರು. ಮೊದಲಿಗೆ ಒರಟು ಅನ್ನಿಸಬಹುದು. ಆದರೆ ಸಮಸ್ಯೆ ಬಿಚ್ಚಿ ಹೇಳಿದವರಿಗೆ ವಿಷಯವನ್ನು ಚಿಕ್ಕದು ಮಾಡಿಕೊಟ್ಟಿದ್ದನ್ನು ಬಹಳ ಸಲ ನೋಡಿದ್ದೇನೆ. ಸರಿಯಾದ ಕಾರಣ ಇದ್ದರೆ ಗಡುವು ವಿಸ್ತರಿಸಲು ಅರ್ಜಿ ಹಾಕಬಹುದು, ಗಡುವು ಮುಗಿಯುವ ಮೊದಲೇ ಹಾಕಬೇಕು.

ಎಲ್ಲ ಬಿಟ್ಟು ವಾಪಸ್ ಹೋದರೆ?

ಹೋಗಬಹುದು. ಅದು ಅವಮಾನ ಅಲ್ಲ. ಆದರೆ ಪರೀಕ್ಷೆಯ ವಾರದಲ್ಲಿ, ನಿದ್ದೆ ಇಲ್ಲದ ರಾತ್ರಿಯಲ್ಲಿ ಆ ತೀರ್ಮಾನ ಬೇಡ. ಮಾರ್ಚ್‌ನಲ್ಲಿ ಎರಡು ಮೂರು ವಾರ ಊರಿಗೆ ಹೋಗಿ ಬನ್ನಿ, ಟಿಕೆಟ್ ದುಬಾರಿಯಾದರೂ ಸರಿ. ಮನೆ ಊಟ ಮಾಡಿ, ನಿದ್ದೆ ಮಾಡಿ, ಆಮೇಲೂ ಬೇಡ ಅನ್ನಿಸಿದರೆ ಯೋಚಿಸಿ. ಬಿಡುವುದೇ ಆದರೆ ಪಾಸಾದ ವಿಷಯಗಳ ಅಂಕಪಟ್ಟಿಯನ್ನು ಅಧಿಕೃತವಾಗಿ ಪಡೆದುಕೊಳ್ಳಿ. ಬೇರೆ ಕಡೆ ಸೇರುವಾಗ ಆ ಕ್ರೆಡಿಟ್‌ಗಳು ಉಪಯೋಗಕ್ಕೆ ಬರಬಹುದು. ಬಾಡಿಗೆ, ವಿಮೆ, ಫೋನ್ ಕರಾರುಗಳನ್ನು ಲಿಖಿತವಾಗಿ ನಿಲ್ಲಿಸಿ. ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಬೇಕು.

ನನ್ನ ರೂಮ್‌ಮೇಟ್ ಹೊರಗೇ ಬರುತ್ತಿಲ್ಲ. ನಾನೇನು ಮಾಡಲಿ?

ಹಾಜರಾತಿ ಕೇಳದ ಊರಿನಲ್ಲಿ ಒಬ್ಬ ಹುಡುಗ ತಿಂಗಳುಗಟ್ಟಲೆ ಕ್ಲಾಸಿಗೆ ಬರದಿದ್ದರೂ ಯೂನಿವರ್ಸಿಟಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಿಮಗೆ ಮಾತ್ರ. ಬಾಗಿಲು ತಟ್ಟಿ. ಬುದ್ಧಿವಾದ ಬೇಡ, ‘ಧೈರ್ಯವಾಗಿರು’ ಅನ್ನುವುದೂ ಬೇಡ. ‘ಅನ್ನ ಸಾರು ಮಾಡಿದ್ದೀನಿ, ಬಾ’ ಅನ್ನಿ. ‘ಪರೀಕ್ಷೆಯಿಂದ ಹೆಸರು ತೆಗೆಯೋ ತಾರೀಖು ಯಾವಾಗ, ಒಟ್ಟಿಗೆ ನೋಡೋಣ’ ಅನ್ನಿ. ಕೌನ್ಸೆಲಿಂಗ್‌ಗೆ ಮೊದಲ ಇಮೇಲ್ ಬರೆಯುವಾಗ ಪಕ್ಕದಲ್ಲಿ ಕೂರಿ, ಹೋಗುವ ದಿನ ಜೊತೆಗೆ ಹೋಗಿ. ಸಾಯುವ ಮಾತಾಡಿದರೆ ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, 112ಕ್ಕೆ ಕರೆ ಮಾಡಿ. ‘ಯಾರಿಗೂ ಹೇಳಬೇಡ’ ಅಂತ ಮಾತು ತೆಗೆದುಕೊಂಡಿದ್ದರೂ ಹೇಳಿ.